ಒದ್ದೆ ಮಂಡಿ

"ಮಂಡಿ ತೋರ್ಸು."

ಬೆಳಿಗ್ಗೆ ಹನ್ನೊಂದು ಗಂಟೆಗೆ ಸೂಪರ್‌ವೈಸರ್ ಬಾಯಿಂದ ಹೊರಡುವ ಮೊದಲ ಮಾತು ಇದು. ತಿಂಡಿ ಆಯ್ತಾ ಎಂದಿಲ್ಲ, ಹೇಗಿದೀಯ ಎಂದಿಲ್ಲ. ಕಾರು ನಿಲ್ಲಿಸುವ ನೆಲಮಾಳಿಗೆಯಲ್ಲಿ, ನೀರಿನ ಪಂಪಿನ ಪಕ್ಕ, ನೆಲ ಒರೆಸುವ ನಾಲ್ಕು ಹೆಂಗಸರು ಸಾಲಾಗಿ ನಿಲ್ಲಬೇಕು. ಅವನು ಮುಖ ನೋಡುವುದಿಲ್ಲ. ಬಗ್ಗಿ ಮಂಡಿ ನೋಡುತ್ತಾನೆ. ಬೂದು ಬಣ್ಣದ ಯೂನಿಫಾರ್ಮ್ ಪ್ಯಾಂಟಿನ ಮೇಲೆ, ಮಂಡಿಯ ಜಾಗದಲ್ಲಿ, ಅಂಗೈಯಗಲ ಎರಡು ಒದ್ದೆ ಗುರುತು ಕಂಡರೆ ಪುಸ್ತಕದಲ್ಲಿ ಹಾಜರಿ ಬೀಳುತ್ತದೆ. ಕಾಣದಿದ್ದರೆ ಅವಳು ಆ ದಿನ ಕೆಲಸಕ್ಕೆ ಬಂದೇ ಇಲ್ಲ.

ಏಳು ಮಹಡಿ ಹತ್ತಿ ನೆಲ ಸ್ವಚ್ಛವಾಗಿದೆಯೇ ಎಂದು ನೋಡುವಷ್ಟು ಪುರುಸೊತ್ತು ಯಾರಿಗಿದೆ? ಮಂಡಿ ಒದ್ದೆಯಾಗಿದ್ದರೆ ಮಂಡಿ ಊರಿದ್ದಾಳೆ. ಊರಿದ್ದರೆ ಒರೆಸಿದ್ದಾಳೆ. ಈ ಉಪಾಯ ಕಂಡುಹಿಡಿದವರು ಆ ಕಟ್ಟಡದ ನಿವಾಸಿಗಳ ಸಂಘದ ಸೆಕ್ರೆಟರಿ ಸಾಹೇಬರು. ದೊಡ್ಡ ಕಚೇರಿಯ ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಅಷ್ಟು ವರ್ಷ ಓದಿ, ಅಷ್ಟು ವರ್ಷ ಕುರ್ಚಿ ಬಿಸಿ ಮಾಡಿ, ಕೊನೆಗೆ ಕಲಿತದ್ದು ಹೆಂಗಸರ ಮಂಡಿ ನೋಡಿಸುವ ವಿದ್ಯೆ. ಥೂ ಎಂದು ಉಗಿಯಬೇಕು. ಉಗಿದರೆ ಅದನ್ನೂ ಈ ನಾಲ್ವರೇ ಒರೆಸಬೇಕು.

ಸಾಲಿನ ಕೊನೆಯಲ್ಲಿ ನಿಲ್ಲುವವಳು ಉದ್ದಕ್ಕ. ಬೇರೆ ಹೆಸರಿದೆ, ಹಾಜರಿ ಪುಸ್ತಕ ಬಿಟ್ಟರೆ ಅದು ಯಾರಿಗೂ ಬೇಕಿಲ್ಲ. ತನ್ನ ಮನೆಯ ಬಾಗಿಲಲ್ಲೇ ತಲೆ ತಗ್ಗಿಸಿ ಒಳಗೆ ಹೋಗುವಷ್ಟು ಎತ್ತರ. ಅವಳ ಪಕ್ಕ ನಿಲ್ಲುವವಳು ಗಿಡ್ಡಕ್ಕ, ಇವಳ ಭುಜಕ್ಕೂ ಬಾರದವಳು, ವಯಸ್ಸಿನಲ್ಲಿ ಮಾತ್ರ ನಾಲ್ಕು ವರ್ಷ ದೊಡ್ಡವಳು. "ಮಂಡಿ ಊರಿದ್ರೆ ನಾವಿಬ್ರೂ ಒಂದೇ ಎತ್ತರ ಕಣೇ," ಎಂದು ಗಿಡ್ಡಕ್ಕ ನಗಿಸುತ್ತಿದ್ದಳು. ಇಬ್ಬರೂ ನಕ್ಕು ಬಕೆಟ್ ಎತ್ತಿಕೊಳ್ಳುತ್ತಿದ್ದರು.

ಹನ್ನೊಂದು ವರ್ಷ ಉದ್ದಕ್ಕ ಮಂಡಿ ಊರಿದಳು. ಬಲಗೈಯಲ್ಲಿ ಬಟ್ಟೆ, ಎಡಗೈ ನೆಲಕ್ಕೆ. ಒರೆಸು, ಹಿಂದೆ ಸರಿ, ಹಿಂಡು, ಮತ್ತೆ ಒರೆಸು. ನೆಲಕ್ಕೂ ಮೂಗಿಗೂ ಒಂದು ಮೊಳ. ಅಷ್ಟು ಹತ್ತಿರದಿಂದ ನೋಡಿದರೆ ದೊಡ್ಡವರ ಗುಟ್ಟೆಲ್ಲ ನೆಲದ ಮೇಲೇ ಬಿದ್ದಿರುತ್ತದೆ. ಬಾಗಿಲಾಚೆ ಇಟ್ಟ ಕಸದ ಚೀಲದಿಂದ ಸೋರಿದ ಹುಳಿ ನೀರು. ನಾಯಿಯ ಕೂದಲು, ನಾಯಿಯ ಉಚ್ಚೆ. ಕತ್ತರಿಸಿ ಬಿಸಾಡಿದ ಕಾಲುಗುರು. ಗೋಡೆಯ ಬುಡಕ್ಕೆ ಒರೆಸಿದ ಸಿಂಬಳ. ತುದಿಯಲ್ಲಿ ಮಾಂಸದ ಎಳೆ ಅಂಟಿದ ಹಲ್ಲುಕಡ್ಡಿ. ಇದನ್ನೆಲ್ಲ ಬಿಟ್ಟುಹೋದವರು ಸೆಂಟು ಹೊಡೆದುಕೊಂಡು ಲಿಫ್ಟಿನಲ್ಲಿ ಇಳಿಯುತ್ತಿದ್ದರು. ಒರೆಸುವವರು ಲಿಫ್ಟು ಹತ್ತುವಂತಿಲ್ಲ, ವಾಸನೆ ಬರುತ್ತದಂತೆ. ಬಕೆಟ್ ಹಿಡಿದು ಏಳು ಮಹಡಿ ಮೆಟ್ಟಿಲು ಹತ್ತಬೇಕು. ಯಾರ ವಾಸನೆ ಎಂದು ಉದ್ದಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

ಹೋದ ತಿಂಗಳು ಅವಳ ಬಲ ಮಂಡಿ ಚೆಂಡಿನಂತೆ ಊದಿಕೊಂಡಿತು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ದಪ್ಪ ಸೂಜಿ ಚುಚ್ಚಿ ಎಳೆದರು. ಹಳದಿ ನೀರು ಬಂತು, ಅದರಲ್ಲಿ ರಕ್ತದ ಎಳೆ. ಎರಡು ಸಲ ಎಳೆದು ತಟ್ಟೆಗೆ ಸುರಿದರು.

"ಇನ್ಮೇಲೆ ಮಂಡಿ ನೆಲಕ್ಕೆ ತಾಗಿಸ್ಬೇಡಿ. ತಾಗಿಸಿದ್ರೆ ಇನ್ನೊಂದು ವರ್ಷಕ್ಕೆ ನಡೆಯೋದೇ ಕಷ್ಟ," ಎಂದರು.

"ನಂದು ನೆಲ ಒರೆಸೋ ಕೆಲಸ ಡಾಕ್ಟ್ರೇ."

"ನಿಂತ್ಕೊಂಡು ಒರೆಸಿ," ಎಂದು ಚೀಟಿ ಬರೆದುಕೊಟ್ಟು ಮುಂದಿನವರನ್ನು ಕರೆದರು.

ನಿಂತ್ಕೊಂಡು ಒರೆಸಿ. ಹನ್ನೊಂದು ವರ್ಷ ಅವಳಿಗೆ ಆ ಮಾತನ್ನು ಯಾರೂ ಹೇಳಿರಲಿಲ್ಲ. ಅವಳ ಮಗಳು ಟೈಲರ್ ಅಂಗಡಿಯಲ್ಲಿ ಗುಂಡಿ ಹೊಲಿಯುವವಳು. ಅದೇ ವಾರ ಉದ್ದ ಹಿಡಿಕೆಯ ಒಂದು ಮಾಪ್ ತಂದು ಗೋಡೆಗೆ ಒರಗಿಸಿದಳು. "ನಿನ್ನ ಎತ್ತರಕ್ಕೆ ಸರಿಹೋಗೋದು ಹುಡುಕೋಕೆ ಮೂರು ಅಂಗಡಿ ಅಲೆದೆ ಅಮ್ಮ. ನೀನೇನು ಸಾಮಾನ್ಯ ಉದ್ದಾನಾ?" ಎಂದಳು. ಉದ್ದಕ್ಕ ಮಾಪ್ ಹಿಡಿದು ಆ ಸಣ್ಣ ಕೋಣೆಯಲ್ಲೇ ನಾಲ್ಕು ಸಲ ಆಚೀಚೆ ಎಳೆದು ನೋಡಿದಳು. ಬೆನ್ನು ಬಾಗಲಿಲ್ಲ. ಅವಳಿಗೆ ನಗು ಬಂತು.

ಮಾರನೆಯ ದಿನ ಅವಳು ನಿಂತು ಒರೆಸಿದಳು. ಏಳನೇ ಮಹಡಿಯಿಂದ ಶುರು ಮಾಡಿ ಆರು, ಐದು. ಕೆಲಸ ಬೇಗ ಸಾಗಿತು. ನೆಲ ಕನ್ನಡಿಯಾಯಿತು. ಇಷ್ಟು ವರ್ಷ ಆ ಮನೆಗಳ ಬಾಗಿಲ ಕೆಳಗಿನ ಸಂದು, ಕಾಲೊರೆಸು, ಚಪ್ಪಲಿ, ಇಷ್ಟನ್ನೇ ನೋಡಿದ್ದವಳು ಇವತ್ತು ಬಾಗಿಲ ಮೇಲಿನ ಹೆಸರು ಓದಿದಳು. ನಾಲ್ಕನೇ ಮಹಡಿಯಲ್ಲಿ ಒರೆಸುತ್ತಿದ್ದಾಗ ಎದುರಿನ ಬಾಗಿಲು ತೆರೆಯಿತು. ಆ ಮನೆಯ ಅಮ್ಮನವರು ಅಭ್ಯಾಸದಂತೆ ಕೆಳಗೆ ನೋಡಿದರು. ಕೆಳಗೆ ಯಾರೂ ಇರಲಿಲ್ಲ. ಕಣ್ಣು ಮೇಲೆತ್ತಿದರು, ಇನ್ನೂ ಮೇಲೆತ್ತಬೇಕಾಯಿತು.

"ಏನಿದು ಹೊಸ ವೇಷ?"

"ಮಾಪ್ ಅಮ್ಮ."

"ಮಾಪ್ ಅಂತ ನಂಗೂ ಗೊತ್ತು. ಇದನ್ನ ಯಾರಿಗೆ ತೋರಿಸೋಕೆ ತಂದಿದೀಯ?"

ಉದ್ದಕ್ಕನಿಗೆ ಪ್ರಶ್ನೆಯೇ ತಲೆಗೆ ಹತ್ತಲಿಲ್ಲ. ಮಾಪನ್ನು ಯಾರಾದರೂ ಯಾರಿಗಾದರೂ ತೋರಿಸುತ್ತಾರಾ? "ಮಂಡಿ ನೋವು ಅಮ್ಮ. ಊರೋಕಾಗಲ್ಲ," ಎಂದಳು.

"ನಮ್ಮನೇಲೂ ಇದೆ ಇಂಥದ್ದು, ಗೊತ್ತಾಯ್ತಾ? ಇದಕ್ಕಿಂತ ಒಳ್ಳೇದಿದೆ. ನಾನು ಅದನ್ನ ಕಾರಿಡಾರಲ್ಲಿ ಮೆರೆಸ್ಕೊಂಡು ಓಡಾಡ್ತೀನಾ?"

ಅಮ್ಮನವರ ಹಿಂದೆ, ಮನೆಯೊಳಗೆ, ತಟ್ಟೆಯಂಥ ಒಂದು ಯಂತ್ರ ತನ್ನಷ್ಟಕ್ಕೆ ಗಿರಗಿರನೆ ತಿರುಗುತ್ತಾ ನೆಲ ಒರೆಸುತ್ತಿತ್ತು. ಅದು ಸೋಫಾಕ್ಕೆ ಡಿಕ್ಕಿ ಹೊಡೆದು ಇನ್ನೊಂದು ಕಡೆ ಹೊರಟಿತು. ಆ ಮನೆಯಲ್ಲಿ ಯಾರ ಮಂಡಿಯೂ ನೆಲ ಮುಟ್ಟುತ್ತಿರಲಿಲ್ಲ. ಉದ್ದಕ್ಕ ಅದನ್ನು ನೋಡಿದ್ದನ್ನು ಅಮ್ಮನವರೂ ನೋಡಿದರು. ಬಾಗಿಲು ಧಡ್ ಎಂದು ಮುಚ್ಚಿತು.

ಹನ್ನೊಂದಕ್ಕೆ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲಲ್ಲಿ ಗಿಡ್ಡಕ್ಕ ಅವಳ ತೋಳು ಹಿಡಿದಳು.

"ಮಂಡಿ ನೋಡ್ಕೊಂಡೆಯೇನೇ? ಒಣಗಿದೆ."

"ನೆಲ ಒರೆಸಿದೀನಲ್ಲಕ್ಕ. ಬೇಕಾದ್ರೆ ಹತ್ತಿ ನೋಡ್ಲಿ."

"ಅವನು ಹತ್ತಿ ನೋಡೋ ಜಾತಿನಾ? ನಲ್ಲೀಲಿ ಎರಡು ಬೊಗಸೆ ನೀರು ಹಾಕ್ಕೋ. ಯಾಕೆ ರಗಳೆ?"

ಹಾಕಿಕೊಂಡಳು. ಏನು ಮಾಡುವುದು? ಪಂಪಿನ ಪಕ್ಕದ ನಲ್ಲಿ ತಿರುಗಿಸಿ, ಬೊಗಸೆಯಲ್ಲಿ ನೀರು ಹಿಡಿದು, ತನ್ನ ಮಂಡಿಗೆ ತಾನೇ ಬಳಿದುಕೊಂಡಳು. ಸೂಪರ್‌ವೈಸರ್ ಬಂದ, ಬಗ್ಗಿದ, ಪೆನ್ನಿನ ತುದಿಯಿಂದ ಒತ್ತಿ ನೋಡಿದ, ಹಾಜರಿ ಹಾಕಿದ. ಅವನ ತಾಯಿಯೂ ಇದೇ ಕೆಲಸ ಮಾಡಿ ಸತ್ತವಳು. ಪೆನ್ನು ಒತ್ತುವಾಗ ಅವನಿಗೆ ಅವಳ ನೆನಪಾಗುತ್ತಿತ್ತೋ ಇಲ್ಲವೋ, ಮುಖ ನೋಡಿದರೆ ಗೊತ್ತಾಗುವಂತಿರಲಿಲ್ಲ.

ಹೀಗೆ ಒಂಬತ್ತು ದಿನ. ನೆಲ ಒರೆಸುವುದು ನಿಂತು, ಹಾಜರಿಗೆ ಮಂಡಿ ಒದ್ದೆ. ಮಂಡಿಯ ಊತ ಇಳಿಯಿತು. ಆದರೆ ದಿನಾ ಆ ನಲ್ಲಿಯ ಎದುರು ಬಗ್ಗುವಾಗ ಉದ್ದಕ್ಕ ಯಾರಾದರೂ ನೋಡುತ್ತಿದ್ದಾರಾ ಎಂದು ಹಿಂದೆ ತಿರುಗಿ ನೋಡುತ್ತಿದ್ದಳು. ಮಾಡಿದ ಕೆಲಸಕ್ಕೆ ಬೆಲೆ ಇಲ್ಲ. ಮಾಡದ ಕಷ್ಟವನ್ನು ನಟಿಸಿ ತೋರಿಸಬೇಕು. ತಣ್ಣನೆಯ ಬಟ್ಟೆ ಮಂಡಿಗೆ ಅಂಟಿಕೊಂಡಾಗ ತನ್ನ ಮೈ ತನಗೇ ಹೇಸಿಗೆಯೆನಿಸುತ್ತಿತ್ತು.

ಹತ್ತನೇ ದಿನ ಸೆಕ್ರೆಟರಿ ಸಾಹೇಬರಿಂದ ಕರೆ ಬಂತು.

ಕೆಳಗಿನ ಮಹಡಿಯಲ್ಲಿ ಅವರಿಗೊಂದು ಕೋಣೆ. ತಿರುಗುವ ಕುರ್ಚಿ. ಬೆನ್ನಿಗೆ ದಿಂಬು, ಸೊಂಟಕ್ಕೆ ಬೆಲ್ಟು, ಕಾಲ ಕೆಳಗೆ ಪುಟ್ಟ ಮಣೆ. ಮೇಜಿನ ಮೇಲಿನ ಪರದೆಯಲ್ಲಿ ಕಟ್ಟಡದ ಮೂಲೆ ಮೂಲೆಯ ಚಿತ್ರ. ಅವರು ಬೆರಳಿನಿಂದ ತೋರಿಸಿದರು. ನೆಲಮಾಳಿಗೆ, ನಲ್ಲಿ, ಬೊಗಸೆ ಹಿಡಿದು ಬಗ್ಗಿದ ಉದ್ದನೆಯ ಹೆಂಗಸು.

"ಏನಿದು?"

ಉದ್ದಕ್ಕ ತನ್ನನ್ನು ತಾನು ಹಾಗೆ ಯಾವತ್ತೂ ನೋಡಿರಲಿಲ್ಲ. ಕಳ್ಳಿಯಂತೆ ಕಾಣುತ್ತಿದ್ದಳು.

"ಮಂಡಿ ಒದ್ದೆ ಇಲ್ದಿದ್ರೆ ಹಾಜರಿ ಹಾಕಲ್ಲ ಸರ್. ಅದಕ್ಕೆ."

"ಅಂದ್ರೆ ಮೋಸ."

"ನೆಲ ಕ್ಲೀನ್ ಇಲ್ವಾ ಸರ್?"

"ನೆಲದ ಮಾತಲ್ಲ ಇದು." ಸಾಹೇಬರು ಬೆನ್ನಿನ ದಿಂಬು ಸರಿಮಾಡಿಕೊಂಡರು. "ನೋಡು, ನಾನು ಯಾರ ಸುಖಕ್ಕೂ ಅಡ್ಡ ಬರೋನಲ್ಲ. ಆದ್ರೆ ಹತ್ತು ಜನ ಓಡಾಡೋ ಜಾಗ. ಅಲ್ಲಿ ನೀನು ಕೋಲು ಹಿಡ್ಕೊಂಡು ಠೀವಿಯಿಂದ ನಿಂತ್ರೆ ನೋಡ್ದೋರು ಏನಂತಾರೆ? ನಾಲ್ಕನೇ ಮಹಡಿಯವರು ಎಷ್ಟು ಬೇಜಾರು ಮಾಡ್ಕೊಂಡಿದಾರೆ ಗೊತ್ತಾ? ನಮಗೆ ಸರಿಸಮ ಅಂತ ತೋರಿಸ್ಕೋತಾಳೆ ಅಂದ್ರು."

"ಡಾಕ್ಟ್ರು ಚೀಟಿ ಕೊಟ್ಟಿದಾರೆ ಸರ್." ಅವಳು ಮಡಿಸಿದ ಚೀಟಿ ಬಿಚ್ಚಿ ಮುಂದೆ ಹಿಡಿದಳು. ಅವರು ಕೈ ಚಾಚಲಿಲ್ಲ.

"ಮಂಡಿ ನೋವು ಯಾರಿಗಿಲ್ಲ? ನಮ್ಮನೆಯವರಿಗೂ ಇದೆ."

"ಅವರು ನೆಲ ಒರೆಸ್ತಾರಾ ಸರ್?"

ಕೇಳಬೇಕೆಂದು ಕೇಳಿದ್ದಲ್ಲ. ಬಾಯಿಗೆ ಬಂತು, ಕೇಳಿಬಿಟ್ಟಳು. ಸಾಹೇಬರ ಕಿವಿ ಕೆಂಪಗಾಯಿತು. ಕುರ್ಚಿ ತಿರುಗುವುದು ನಿಂತಿತು.

"ಧಿಮಾಕು ಅಂದ್ರೆ ಇದೇ. ಕೋಲು ಕೈಗೆ ಬಂದ ಹತ್ತೇ ದಿನಕ್ಕೆ ನಾಲಿಗೆ ಇಷ್ಟುದ್ದ. ನಾಳೆ ಬೆಳಿಗ್ಗೆ ಕೆಳಗಿನ ದೊಡ್ಡ ಹಾಲ್‌ಗೆ ಬಾ. ಎಲ್ಲರೆದುರಿಗೆ, ಬಟ್ಟೆ ಹಿಡ್ದು, ಮಂಡಿ ಊರಿ ಒರೆಸು. ತಪ್ಪಾಯ್ತು ಅನ್ನು. ಇಲ್ಲಾಂದ್ರೆ ನಾಡಿದ್ದಿಂದ ಬರ್ಬೇಡ."

ಊರಿದರೆ ಕಾಲು ಹೋಗುತ್ತದೆ. ಊರದಿದ್ದರೆ ಕೆಲಸ ಹೋಗುತ್ತದೆ. ಮನೆಗೆ ನಡೆಯುವ ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಇಷ್ಟೇ ಸುತ್ತುತ್ತಿತ್ತು. ಆಮೇಲೆ, ಮನೆಯ ಹಿಂದಿನ ಕಕ್ಕಸಿನ ಬಾಗಿಲು ಕಂಡಾಗ, ಇನ್ನೊಂದು ನೆನಪು ಬಂತು. ಬರಬಾರದಿತ್ತು. ಬಂತು.

ಅವಳ ಅತ್ತೆ. ಎಂಟು ವರ್ಷದ ಹಿಂದೆ ಆ ಮುದುಕಿಗೂ ಮಂಡಿ ಮಡಿಸಲಾಗುತ್ತಿರಲಿಲ್ಲ. ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂರಲಾರದೆ ಎರಡು ಸಲ ಬಿದ್ದಿದ್ದಳು. "ಹಳೇ ಪ್ಲಾಸ್ಟಿಕ್ ಕುರ್ಚಿ ಮಧ್ಯ ಒಂದು ತೂತು ಕೊರೆಸಿ ಕೊಡೇ, ಅದರ ಮೇಲೆ ಕೂರ್ತೀನಿ," ಎಂದು ಸೊಸೆಯನ್ನು ಕೇಳಿದ್ದಳು. ಎಲ್ಲೋ ಯಾರ ಮನೆಯಲ್ಲೋ ನೋಡಿದ್ದಳಂತೆ. ಉದ್ದಕ್ಕ ಏನು ಮಾಡಿದಳು? ನಕ್ಕಳು. ಓಣಿಯ ನಲ್ಲಿಯ ಹತ್ತಿರ ನಿಂತು ಎಲ್ಲರಿಗೂ ಕೇಳುವಂತೆ, "ನಮ್ಮತ್ತೆಗೆ ಕಕ್ಕಸಿಗೆ ಹೋಗೋಕೂ ಸಿಂಹಾಸನ ಬೇಕಂತೆ. ದೊಡ್ಡವರ ಮನೆ ಶೋಕಿ ಬಂದುಬಿಟ್ಟಿದೆ," ಎಂದಳು. ಓಣಿಗೆ ಓಣಿಯೇ ಹಲ್ಲು ಕಿಸಿಯಿತು. ಮುದುಕಿ ಮತ್ತೆ ಕೇಳಲಿಲ್ಲ. ಊಟ ಅರ್ಧ ಮಾಡಿದಳು, ನೀರು ಕುಡಿಯುವುದು ಬಿಟ್ಟಳು. ತಿಂದರೆ ತಾನೇ ಹೋಗಬೇಕು. ಸಾಯುವಾಗ ಒಣಗಿದ ಕಡ್ಡಿಯಾಗಿದ್ದಳು. ವಯಸ್ಸಾಗಿತ್ತು, ಹೋದಳು ಎಂದು ಎಲ್ಲರೂ ಅಂದರು. ಉದ್ದಕ್ಕನೂ ಅಂದಳು.

ಮಗಳು ಸಂಜೆ ಬಂದಾಗ ಅಮ್ಮ ಬಚ್ಚಲ ಬಳಿ ಗೋಡೆಗೊರಗಿ ಕೂತಿದ್ದಳು. ಸಾಹೇಬರು ಹೇಳಿದ್ದನ್ನು ಹೇಳಿದಳು. ಅತ್ತೆಯ ವಿಷಯವನ್ನೂ ಹೇಳಿದಳು.

"ಆ ಸೆಕ್ರೆಟರಿ ಮುಖ ನೋಡಿದ್ರೆ ವಾಂತಿ ಬರುತ್ತೆ ಕಣೇ. ಆದ್ರೆ ಅವನ ಮಾತು ನಾನೇ ಆಡಿದ್ದೆ. ಅದೇ ಮಾತು. ನನ್ನ ಬಾಯಲ್ಲಿ," ಎಂದಳು.

ಮಗಳು ಹೆಗಲ ಚೀಲ ಕೆಳಗಿಟ್ಟಳು. "ನಾನೂ ನಕ್ಕಿದ್ದೆ ಅಮ್ಮ," ಎಂದಳು. "ಅಜ್ಜಿ ನನ್ನ ಮುಖ ನೋಡಿದ್ಲು. ನಾನು ಇನ್ನೂ ಜೋರಾಗಿ ನಕ್ಕೆ."

ಇಬ್ಬರೂ ಒಬ್ಬರನ್ನೊಬ್ಬರು ಸಮಾಧಾನ ಮಾಡಲಿಲ್ಲ. ಮಾಡುವಂಥದ್ದೇನೂ ಇರಲಿಲ್ಲ. ಮಗಳು ನೀರು ಕಾಯಿಸಿ ಅಮ್ಮನ ಮಂಡಿಗೆ ಶಾಖ ಕೊಟ್ಟಳು.

"ನಾಳೆ ಏನ್ಮಾಡ್ತೀಯ?"

"ಗೊತ್ತಿಲ್ಲ," ಎಂದಳು ಉದ್ದಕ್ಕ. ನಿಜವಾಗಿಯೂ ಗೊತ್ತಿರಲಿಲ್ಲ.

ಬೆಳಿಗ್ಗೆ ಆ ದೊಡ್ಡ ಹಾಲ್‌ನ ಬಾಗಿಲಲ್ಲೇ ನಾತ ಮೂಗಿಗೆ ಹೊಡೆಯಿತು. ಹಿಂದಿನ ಸಂಜೆ ಯಾರದೋ ಮಗುವಿನ ಹುಟ್ಟಿದ ದಿನದ ಗದ್ದಲ ನಡೆದಿತ್ತು. ತುಳಿದ ಕೇಕು ನೆಲಕ್ಕೆ ಮೆತ್ತಿತ್ತು. ಬಣ್ಣದ ಪಾನಕ ಚೆಲ್ಲಿ ಅಂಟಾಗಿ, ಒಡೆದ ಬಲೂನು ಅದಕ್ಕೆ ಹತ್ತಿಕೊಂಡಿತ್ತು. ಸೋಫಾದ ಪಕ್ಕ ಯಾರೋ ವಾಂತಿ ಮಾಡಿದ್ದರು. ಮಗುವಿನದಲ್ಲ, ಕುಡಿದ ದೊಡ್ಡವರದು. ಮೇಲೆ ಒಂದು ಕಾಗದದ ಕರವಸ್ತ್ರ ಮುಚ್ಚಿ ಮರ್ಯಾದೆ ಉಳಿಸಿಕೊಂಡು ಹೋಗಿದ್ದರು. ಆ ಕಾಗದ ನೆನೆದು ಹಳದಿಯಾಗಿತ್ತು. ನೊಣ ಕೂತಿದ್ದವು. ಇದೆಲ್ಲ ರಾತ್ರಿಯೇ ಒರೆಸಬಹುದಿತ್ತು. ಒರೆಸಿಸಲಿಲ್ಲ. ಇವಳಿಗೆಂದೇ ಎತ್ತಿಟ್ಟಿದ್ದರು.

ಸೆಕ್ರೆಟರಿ ಸಾಹೇಬರು ನಿಂತಿದ್ದರು. ಉದ್ದ ಸೋಫಾದ ಒಂದು ತುದಿಯಲ್ಲಿ ನಾಲ್ಕನೇ ಮಹಡಿಯ ಅಮ್ಮನವರು ಸೆರಗಿನಿಂದ ಮೂಗು ಮುಚ್ಚಿ ಕೂತಿದ್ದರು. ಇನ್ನೂ ಮೂರು ನಾಲ್ಕು ಜನ ಕಾಫಿ ಲೋಟ ಹಿಡಿದು ಬಂದಿದ್ದರು. ಸೂಪರ್‌ವೈಸರ್ ಹಾಜರಿ ಪುಸ್ತಕ ಹಿಡಿದು ಬಾಗಿಲ ಬಳಿ. ಅವನ ಹಿಂದೆ ಗಿಡ್ಡಕ್ಕ ಮತ್ತು ಉಳಿದಿಬ್ಬರು. ಅವರೂ ನೋಡಲಿ ಎಂದು ಕರೆಸಿದ್ದರು. ನೆಲದ ಮೇಲೆ ಒಂದು ಬಕೆಟ್, ಅದರ ಅಂಚಿಗೆ ಒರೆಸುವ ಬಟ್ಟೆ.

"ಆ ಕೋಲು ಆಚೆ ಇಡು," ಎಂದರು ಸಾಹೇಬರು.

ಉದ್ದಕ್ಕ ಮಾಪನ್ನು ಗೋಡೆಗೆ ಒರಗಿಸಿದಳು. ಸಾಹೇಬರ ಮುಖ ಸಡಿಲವಾಯಿತು.

"ಹೂಂ. ಶುರು ಮಾಡು."

ಅವಳು ಬಗ್ಗಿದಳು. ಬಟ್ಟೆ ಎತ್ತಿಕೊಳ್ಳಲಿಲ್ಲ. ಪ್ಯಾಂಟಿನ ಅಂಚು ಹಿಡಿದು ಮೇಲಕ್ಕೆ ಸುತ್ತಿದಳು. ಒಂದು ಕಾಲು, ಆಮೇಲೆ ಇನ್ನೊಂದು. ಮಂಡಿ ಕಂಡಿತು. ಮೇಲಿನ ಚರ್ಮ ಚಪ್ಪಲಿಯ ತೊಗಲಿನಂತೆ ಕಪ್ಪಗೆ ದಪ್ಪಗಾಗಿ ಸೀಳು ಬಿಟ್ಟಿತ್ತು. ಸೀಳಿನೊಳಗೆ ಫಿನಾಯಿಲ್ ಸುಟ್ಟ ಬಿಳಿ ಗೆರೆ. ಬಲ ಮಂಡಿಯಲ್ಲಿ ಸೂಜಿಯ ಎರಡು ಗುರುತು ಇನ್ನೂ ಮಾಸಿರಲಿಲ್ಲ.

"ದಿನಾ ಮಂಡಿ ತೋರ್ಸು ಅಂತಿದ್ರಲ್ಲ ಸರ್. ನೋಡಿ," ಎಂದಳು.

ಯಾರೋ ಕಾಫಿ ಲೋಟ ಕೆಳಗಿಟ್ಟರು. ಅಮ್ಮನವರು ಮುಖ ತಿರುಗಿಸಿದರು. "ಛೀ, ಅಸಹ್ಯ. ಮುಚ್ಕೋ ಮೊದ್ಲು."

"ಅಸಹ್ಯ ನಿಮ್ಮದೇ ಅಮ್ಮ. ಹನ್ನೊಂದು ವರ್ಷ ನಿಮ್ಮ ನೆಲದ ಮೇಲೆ ಬೆಳೆದಿದ್ದು. ಇಷ್ಟು ದಿನ ಪ್ಯಾಂಟಲ್ಲಿ ಮುಚ್ಚಿಟ್ಟಿದ್ದೆ. ಇದನ್ನ ನಾನು ಯಾರಿಗೂ ತೋರಿಸ್ಕೊಂಡು ಮೆರೆದಿಲ್ಲ."

"ನಾಟಕ ಸಾಕು," ಎಂದರು ಸಾಹೇಬರು. "ಒರೆಸ್ತೀಯೋ ಇಲ್ವೋ?"

"ನಿಂತು ಒರೆಸು ಅನ್ನಿ, ಈಗ್ಲೇ ಒರೆಸ್ತೀನಿ. ಈ ವಾಂತಿನೂ ಒರೆಸ್ತೀನಿ. ಮಂಡಿ ಊರಲ್ಲ. ಇವತ್ತೂ ಊರಲ್ಲ, ನಾಳೆನೂ ಊರಲ್ಲ. ನೀರು ಹಚ್ಕೊಂಡು ಸುಳ್ಳು ತೋರ್ಸೋದೂ ಇಲ್ಲ. ಅದು ತಪ್ಪಾಯ್ತು ನಂದು. ಅದೊಂದಕ್ಕೆ ತಪ್ಪಾಯ್ತು ಅಂತೀನಿ."

"ಹಾಗಾದ್ರೆ ಹೊರಡು. ಇವತ್ತಿಗೆ ನಿನ್ನ ಕೆಲಸ ಮುಗೀತು."

ಮುಗಿಯಿತು. ಅಷ್ಟೇ. ಅವಳಿಗೆ ಭಯವಾಯಿತು. ಆದರೆ ಕಾಲು ಬಾಗಿಲ ಕಡೆ ಹೋಗಲಿಲ್ಲ.

"ಹೋಗ್ತೀನಿ ಸರ್. ಮಂಡಿ ನೋಯ್ತಿದೆ. ಸ್ವಲ್ಪ ಕೂತು ಹೋಗ್ತೀನಿ," ಎಂದು ಹೇಳಿ ಸೋಫಾದ ಮೇಲೆ ಕೂತಳು.

ಅಮ್ಮನವರು ಕೆಂಡ ತುಳಿದವರಂತೆ ಹಾರಿ ನಿಂತರು. "ಏಯ್, ಏಳೇ ಮೇಲೆ. ಎಲ್ಲಿ ಕೂತಿದೀಯ ನೋಡ್ಕೊಂಡಿದೀಯಾ?"

ನೋಡಿಕೊಂಡೇ ಕೂತಿದ್ದಳು. ಆ ಸೋಫಾದ ಅಡಿಯನ್ನು ಅವಳು ಸಾವಿರ ಸಲ ಒರೆಸಿದ್ದಳು. ಅದರ ಮೇಲೆ ಒಂದು ಸಲವೂ ಕೂತಿರಲಿಲ್ಲ. ಮೆತ್ತಗಿತ್ತು. ಬೆನ್ನಿಗೆ ಆಸರೆ ಸಿಕ್ಕಿತು. ಕಾಲು ಚಾಚಿದಾಗ ಮಂಡಿಯ ನೋವು ಮೆಲ್ಲಗೆ ಇಳಿಯತೊಡಗಿತು. ಇಷ್ಟೇನಾ ಎನಿಸಿತು ಅವಳಿಗೆ. ನೋವು ಸ್ವಲ್ಪ ಕಡಿಮೆಯಾಗುವುದು, ಇಷ್ಟೇ. ಇದರಲ್ಲಿ ಮೆರೆಯುವಂಥದ್ದು ಏನಿದೆ? ಇಷ್ಟಕ್ಕೆ ಅತ್ತೆಯನ್ನು ಕೊಂದೆನಲ್ಲ ಎಂದುಕೊಂಡಳು.

"ಎಳೆದು ಹಾಕೋ ಇವಳನ್ನ," ಎಂದರು ಸಾಹೇಬರು ಸೂಪರ್‌ವೈಸರಿಗೆ. ಅವನು ಎರಡು ಹೆಜ್ಜೆ ಮುಂದೆ ಬಂದ. ಎದುರಿಗೆ ಆ ಬರಿಯ ಮಂಡಿಗಳು. ಅವನು ಪುಸ್ತಕವನ್ನು ಎದೆಗೆ ಒತ್ತಿಕೊಂಡು ಅಲ್ಲೇ ನಿಂತ. ಏನು ನೆನಪಾಯಿತೋ, ತಲೆ ಎತ್ತಲಿಲ್ಲ.

ನಾತ ಏರುತ್ತಿತ್ತು. ಬಿಸಿಲು ಕಿಟಕಿಯಿಂದ ಇಳಿದು ವಾಂತಿಯ ಮೇಲೆ ಬಿದ್ದಿತ್ತು. ಒಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡಿದರು. ಸಾಹೇಬರು ಬಾಗಿಲ ಕಡೆ ಬೆರಳು ಮಾಡಿದರು.

"ನೀನು. ಕುಳ್ಳಿ. ಬಾ ಇಲ್ಲಿ. ಮಂಡಿ ಊರಿ ಒರೆಸು. ಇವಳ ಸಂಬಳಾನೂ ನಿಂಗೇ ಸೇರಿಸಿ ಕೊಡ್ತೀನಿ."

ಗಿಡ್ಡಕ್ಕ ಬಂದಳು. ಅವಳ ಮನೆಯಲ್ಲಿ ಹಾಸಿಗೆ ಹಿಡಿದ ಗಂಡ, ಗಂಡ ಬಿಟ್ಟ ಮಗಳು. ಅದು ಉದ್ದಕ್ಕನಿಗೂ ಗೊತ್ತಿತ್ತು. "ನೀ ಒರೆಸಕ್ಕ. ನಂಗೇನೂ ಬೇಜಾರಿಲ್ಲ," ಎಂದಳು. ಮನಸ್ಸಿನಿಂದಲೇ ಅಂದಳು.

ಗಿಡ್ಡಕ್ಕ ಬಕೆಟ್ಟಿನ ಅಂಚಿನಿಂದ ಬಟ್ಟೆ ತೆಗೆದುಕೊಂಡಳು. ನೀರಿನಲ್ಲಿ ಅದ್ದಿದಳು. ಹಿಂಡಿದಳು. ಸೊಂಟಕ್ಕೆ ಕೈ ಕೊಟ್ಟು ವಾಂತಿಯ ಎದುರು ಬಗ್ಗಿದಳು, ಅರ್ಧಕ್ಕೆ ನಿಂತಳು. ಆ ಹಳದಿ ಕಾಗದವನ್ನು ನೋಡಿದಳು. ಗೆಳತಿಯ ಮಂಡಿ ನೋಡಿದಳು. ಸುತ್ತ ನಿಂತವರ ಹೊಳೆಯುವ ಚಪ್ಪಲಿಗಳನ್ನು ನೋಡಿದಳು. ಹಿಂಡಿದ ಬಟ್ಟೆಯನ್ನು ಬಕೆಟ್ಟಿಗೆ ಬಿಟ್ಟಳು. ನೀರು ಚಿಮ್ಮಿ ಸಾಹೇಬರ ಕಾಲಿಗೆ ತಾಗಿತು.

ಅವಳು ಸೋಫಾದ ಹತ್ತಿರ ಬಂದಳು.

"ಸ್ವಲ್ಪ ಸರ್ಕೊಳ್ಳೇ," ಎಂದಳು.